ಹಳೇ ನಾಣ್ಯ ಲಾಟರಿ ಟಿಕೆಟ್ ಅಲ್ಲ

ನಮ್ಮಜ್ಜಿಯ ಎಲೆ-ಅಡಿಕೆ ಸಂಚಿಯಲ್ಲಿ ಒಂದು ತಾಮ್ರದ ನಾಣ್ಯ ಇದೆ. ಒಂದು ಬದಿಗೆ ಆನೆ, ಇನ್ನೊಂದು ಬದಿಗೆ ಏನೋ ಬರಹ. ಅಜ್ಜಿಗೆ ಅದು ಅವರ ಅತ್ತೆಯಿಂದ ಬಂದದ್ದು. ಸುಣ್ಣದ ಡಬ್ಬಿಯ ಪಕ್ಕದಲ್ಲಿ ಕಪ್ಪಗೆ ಕೂತಿದ್ದ ಅದನ್ನು ಚಿಕ್ಕಂದಿನಲ್ಲಿ ನಾವು ‘ಆನೆ ಕಾಸು’ ಅಂತ ಕರೆದು ಆಟ ಆಡುತ್ತಿದ್ದೆವು. ಆಮೇಲೆ ಮರೆತೇಬಿಟ್ಟಿದ್ದೆ.

ಅದು ಮತ್ತೆ ನೆನಪಾದದ್ದು ಡಿಗ್ರಿ ಮುಗಿದು ಒಂದೂವರೆ ವರ್ಷ ಕಳೆದ ಮೇಲೆ. ಎರಡು ಪರೀಕ್ಷೆ ಬರೆದಿದ್ದೆ, ಎರಡರಲ್ಲೂ ಹೆಸರು ಬಂದಿರಲಿಲ್ಲ. ಅಪ್ಪ ಏನೂ ಹೇಳುತ್ತಿರಲಿಲ್ಲ, ಅದೇ ದೊಡ್ಡ ಹಿಂಸೆ. ಅಂಥ ಒಂದು ರಾತ್ರಿ ಮೊಬೈಲಿನಲ್ಲಿ ಒಂದು ವಿಡಿಯೊ ಬಂತು: ‘ನಿಮ್ಮ ಮನೆಯಲ್ಲಿ ಆನೆ ಇರುವ ಹಳೇ ನಾಣ್ಯ ಇದೆಯಾ? ಹತ್ತು ಲಕ್ಷ ನಿಮ್ಮದು!’ ಮಾರನೇ ದಿನ ಅಜ್ಜಿಯ ಸಂಚಿಗೆ ಕೈ ಹಾಕಿದೆ. ಫೋಟೊ ಚೆನ್ನಾಗಿ ಬರಲೆಂದು ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಫಳಫಳ ಹೊಳೆಯುವಂತೆ ಮಾಡಿದೆ. ಫೋಟೊ ಕಳಿಸಿದ ಅರ್ಧ ಗಂಟೆಗೆ ಫೋನ್ ಬಂತು. ‘ಸರ್, ನಿಮ್ಮ ನಾಣ್ಯ ಹರಾಜಿಗೆ ಆಯ್ಕೆಯಾಗಿದೆ. ಹನ್ನೊಂದು ಲಕ್ಷಕ್ಕೆ ಪಾರ್ಟಿ ರೆಡಿ. ನೋಂದಣಿ ಶುಲ್ಕ 1,850 ರೂಪಾಯಿ ಹಾಕಿ.’ ಹಾಕಿದೆ. ಎರಡು ದಿನ ಬಿಟ್ಟು ‘ರಿಸರ್ವ್ ಬ್ಯಾಂಕಿನ ತೆರಿಗೆ’ ಅಂತ 4,500 ಕೇಳಿದರು. ಗೆಳೆಯನ ಹತ್ತಿರ ಸಾಲ ಕೇಳಲು ಹೋದಾಗ ಅವನೇ ಬೈದು ನಿಲ್ಲಿಸಿದ. ಮೊದಲು ಹಾಕಿದ 1,850 ಮಾತ್ರ ಹೋಗಿಯೇ ಹೋಯಿತು.

ಆ ಅವಮಾನದಿಂದ ಶುರುವಾದ ಕುತೂಹಲವೇ ಈ ಬರಹ. ನನ್ನ ವಯಸ್ಸಿನವರು, ನನ್ನ ಹಾಗೆ ಕೆಲಸಕ್ಕೆ ಕಾಯುತ್ತಿರುವವರು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ. ನನ್ನ ವಾದ ಇಷ್ಟೇ: ಹಳೇ ನಾಣ್ಯದ ಹರಾಜು ಕೆಟ್ಟದ್ದಲ್ಲ, ಅದು ಒಳ್ಳೆಯ ಪಾಠಶಾಲೆ. ಆದರೆ ಅಲ್ಲಿಗೆ ದುಡ್ಡು ಮಾಡಲು ಹೋದವರಿಗಿಂತ ಓದಲು ಹೋದವರಿಗೇ ಲಾಭ ಹೆಚ್ಚು.

ಮೋಸದ ಮೂರು ಮುಖ

ಮೊದಲು ಮೋಸದ ವಿಷಯ ಮುಗಿಸಿಬಿಡೋಣ. ಹಳೇ ನೋಟು-ನಾಣ್ಯ ಮಾರಿಸಿಕೊಡುತ್ತೇವೆ ಎಂದು ತನ್ನ ಹೆಸರು ಹೇಳಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಹೊರಡಿಸಿದೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ನಾನು ಅದನ್ನು ಓದಿದ್ದು ದುಡ್ಡು ಹೋದ ಮೇಲೆ.

ಎರಡನೆಯದು, ಚಲಾವಣೆಯ ನಾಣ್ಯಕ್ಕೆ ಲಕ್ಷದ ಆಸೆ. ಮಾತಾ ವೈಷ್ಣೋದೇವಿ ಚಿತ್ರ ಇರುವ ಐದು, ಹತ್ತು ರೂಪಾಯಿ ನಾಣ್ಯದ ಬಗ್ಗೆ ನಿಮಗೂ ಮೆಸೇಜ್ ಬಂದಿರಬಹುದು. ಅವು ಸರ್ಕಾರವೇ ಚಲಾವಣೆಗೆ ಬಿಟ್ಟ ಸ್ಮರಣಾರ್ಥ ನಾಣ್ಯಗಳು. ಸಂಗ್ರಹಕಾರರು ಅವಕ್ಕೆ ಲಕ್ಷ ಕೊಡುವುದಿಲ್ಲ.

ಮೂರನೆಯದು ಜಾತ್ರೆಯ ಸರಕು. ‘ಈಸ್ಟ್ ಇಂಡಿಯಾ ಕಂಪನಿ, 1818’ ಎಂದು ಬರೆದು ರಾಮ, ಹನುಮಂತ, ಲಕ್ಷ್ಮಿಯ ಚಿತ್ರ ಹಾಕಿದ ದಪ್ಪ ನಾಣ್ಯಗಳು ಎಷ್ಟೋ ದೇವರ ಮನೆಗಳಲ್ಲಿವೆ. ಪೂಜೆಗೆ ಇಟ್ಟುಕೊಳ್ಳಿ, ತಕರಾರಿಲ್ಲ. ಆದರೆ ಕಂಪನಿ ಅಂಥ ನಾಣ್ಯವನ್ನು ಟಂಕಿಸಿಯೇ ಇರಲಿಲ್ಲ. ಇಂಥದ್ದೇ ಬಿಲ್ಲೆಗಳನ್ನು ಹಿಡಿದು ‘ಇದು ಅಕ್ಕಿಕಾಳನ್ನು ಎಳೆಯುತ್ತದೆ, ಕೋಟಿ ಬೆಲೆ’ ಎಂದು ನಂಬಿಸುವ ರೈಸ್ ಪುಲ್ಲಿಂಗ್ ದಂಧೆಯಲ್ಲಿ ಗದ್ದೆ ಮಾರಿ ಕೂತವರೂ ಇದ್ದಾರೆ.

ಈ ಮೂರರಲ್ಲೂ ಒಂದು ಸಮಾನ ಅಂಶ ಇದೆ. ನಾಣ್ಯ ನಿಮ್ಮದು, ದುಡ್ಡು ಕೊಡಬೇಕಾದವರೂ ನೀವೇ! ನಿಜವಾದ ಹರಾಜು ಸಂಸ್ಥೆ ತನ್ನ ಕಮಿಷನ್ನನ್ನು ನಾಣ್ಯ ಮಾರಾಟವಾದ ಮೇಲೆ ಬಂದ ಹಣದಲ್ಲಿ ಹಿಡಿದುಕೊಳ್ಳುತ್ತದೆ. ಫೋನಿನಲ್ಲಿ ಮುಂಗಡ ಶುಲ್ಕ ಕೇಳಿದರೆ ಅಲ್ಲಿಗೆ ಮಾತು ನಿಲ್ಲಿಸಿ.

ಹರಾಜಿನ ಕೋಣೆಯಲ್ಲಿ

ನಮ್ಮ ಕಾಲೇಜಿನ ಇತಿಹಾಸದ ಮೇಷ್ಟ್ರಿಗೆ ನನ್ನ ಕಥೆ ಹೇಳಿದಾಗ ಅವರು ನಕ್ಕು, ‘ಒಂದು ಸಲ ನಿಜವಾದ ಹರಾಜು ನೋಡಿಕೊಂಡು ಬಾರಪ್ಪ, ಕೊಳ್ಳಬೇಡ, ಸುಮ್ಮನೆ ಕೂತು ಬಾ’ ಅಂದರು. ಬೆಂಗಳೂರಿನಲ್ಲಿ ನಾಣ್ಯ ಪ್ರದರ್ಶನದ ಜತೆಗೇ ನಡೆಯುತ್ತಿದ್ದ ಒಂದು ಹರಾಜಿಗೆ ಹೋದೆ.

ಸಿನಿಮಾದಲ್ಲಿ ತೋರಿಸುವ ಗದ್ದಲ ಅಲ್ಲಿ ಇರಲಿಲ್ಲ. ಒಂದು ಹಾಲ್, ನಲವತ್ತು-ಐವತ್ತು ಕುರ್ಚಿ, ಎದುರಿಗೆ ಪರದೆ. ಪ್ರತಿ ನಾಣ್ಯಕ್ಕೂ ಲಾಟ್ ನಂಬರು. ಕ್ಯಾಟಲಾಗ್‌ನಲ್ಲಿ ಫೋಟೊ, ತೂಕ, ರಾಜನ ಹೆಸರು, ಟಂಕಸಾಲೆ, ಸ್ಥಿತಿ, ಅಂದಾಜು ಬೆಲೆ. ಹರಾಜಿಗೆ ಮೊದಲು ನಾಣ್ಯಗಳನ್ನು ಕೈಯಲ್ಲಿ ಹಿಡಿದು ನೋಡಲು ಅವಕಾಶ ಇತ್ತು. ಕೂತವರಿಗಿಂತ ಆನ್‌ಲೈನಿನಲ್ಲಿ ಕೂಗುವವರೇ ಜಾಸ್ತಿ. ಒಂದೊಂದು ಲಾಟ್ ಒಂದು ನಿಮಿಷದೊಳಗೆ ಮುಗಿಯುತ್ತಿತ್ತು.

ನಾನು ಮರೆಯಲಾಗದ್ದು ನೋಡುವ ಮೇಜಿನ ಹತ್ತಿರ ಕಳೆದ ಎರಡು ಗಂಟೆ. ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯ. ಅದರ ಮೇಲೆ ಹಳೆಯ ಕನ್ನಡ ಲಿಪಿಯಲ್ಲಿ ‘ಶ್ರೀ ತಳಕಾಡುಗೊಂಡ’ ಎಂದಿದೆ. ಚೋಳರಿಂದ ತಲಕಾಡನ್ನು ಗೆದ್ದ ಸುದ್ದಿಯನ್ನು ರಾಜ ನಾಣ್ಯದ ಮೇಲೇ ಹೊಡೆಸಿ ಜನರ ಕೈಗೆ ಕೊಟ್ಟಿದ್ದಾನೆ. ಸ್ಪರ್ಧಾತ್ಮಕ ಪರೀಕ್ಷೆಗೆಂದು ಆ ಬಿರುದನ್ನು ಹತ್ತು ಸಲ ಬಾಯಿಪಾಠ ಮಾಡಿದ್ದೆ, ಹತ್ತು ಸಲ ಮರೆತಿದ್ದೆ. ಆವತ್ತಿನಿಂದ ಮರೆತಿಲ್ಲ. ಪಕ್ಕದಲ್ಲಿ ಸುಮಾರು 3.4 ಗ್ರಾಂ ತೂಗುವ ವಿಜಯನಗರದ ವರಹ, ಅದರ ಮೇಲೆ ಕೃಷ್ಣದೇವರಾಯನ ಹೆಸರು. ಇನ್ನೊಂದು ತಟ್ಟೆಯಲ್ಲಿ ಬೆರಳಿನ ಉಗುರಿಗಿಂತ ಚಿಕ್ಕದಾದ ಮೈಸೂರಿನ ಕಂಠೀರಾಯಿ ಹಣ. ಬಿದ್ದರೆ ಹುಡುಕಲು ಪೊರಕೆ ಬೇಕು, ಅಷ್ಟು ಸಣ್ಣದು.

ಆಮೇಲೆ ಹೈದರಾಲಿಯ ಚಿನ್ನದ ವರಹ. ಒಂದು ಬದಿಗೆ ಶಿವ-ಪಾರ್ವತಿ, ಇನ್ನೊಂದು ಬದಿಗೆ ಹೈದರನ ಹೆಸರಿನ ಮೊದಲಕ್ಷರ, ಅರೇಬಿಕ್ ಲಿಪಿಯಲ್ಲಿ. ನಾನು ಸಾಗರದ ಕಡೆಯವನು. ನಮ್ಮ ಇಕ್ಕೇರಿಯ ನಾಯಕರ ವರಹದ ಮೇಲೆ ಶಿವ-ಪಾರ್ವತಿ ಇದ್ದರು. 1763ರಲ್ಲಿ ಬಿದನೂರನ್ನು ಗೆದ್ದ ಹೈದರ್ ಆ ಚಿತ್ರವನ್ನು ತೆಗೆಯಲಿಲ್ಲ. ಸಂತೆಯಲ್ಲಿ ಜನ ನಂಬಿದ ನಾಣ್ಯ ಅದು, ಬದಲಿಸಿದರೆ ವ್ಯಾಪಾರ ನಿಲ್ಲುತ್ತದೆ. ಈಗ ಇತಿಹಾಸದ ಹೆಸರಿನಲ್ಲಿ ಫೋನಿನಲ್ಲೇ ಜಗಳ ಆಡುವ ನಾವು ಒಂದು ಸಲ ಆ ನಾಣ್ಯವನ್ನು ಎರಡೂ ಬದಿಗೆ ತಿರುಗಿಸಿ ನೋಡಬೇಕು ಅನ್ನಿಸಿತು.

ಕೊನೆಗೆ ಅಜ್ಜಿಯ ನಾಣ್ಯದಂಥದ್ದೇ ಒಂದು ಕಂಡಿತು. ಟಿಪ್ಪುವಿನ ತಾಮ್ರದ ಕಾಸು, ಸುಮಾರು 11 ಗ್ರಾಂ, ಮೇಲೆ ಆನೆ. ನನ್ನ ಮೊಬೈಲಿನಲ್ಲಿದ್ದ ಫೋಟೊ ತೋರಿಸಿದೆ. ಪಕ್ಕದಲ್ಲಿದ್ದ ಹಿರಿಯ ಸಂಗ್ರಹಕಾರರು ಕನ್ನಡಕ ಏರಿಸಿ, ‘ಇದೂ ಟಿಪ್ಪುದೇ ಕಣಪ್ಪ. ಓದ್ತೀನಿ ನೋಡು, ಜರ್ಬ್ ನಗರ. ಅಂದರೆ ನಗರದಲ್ಲಿ ಟಂಕಿಸಿದ್ದು. ನಿಮ್ಮ ಬಿದನೂರು ನಗರ’ ಅಂದರು. ನಮ್ಮೂರಿನಿಂದ ಬಸ್ಸಿನಲ್ಲಿ ಹೋಗಿಬರುವ ಊರು! ಇನ್ನೂರು ವರ್ಷಕ್ಕೂ ಹಿಂದೆ ಅಲ್ಲಿ ಅಚ್ಚಾದ ಕಾಸು ಹೆಚ್ಚು ದೂರ ಹೋಗದೆ ನಮ್ಮಜ್ಜಿಯ ಸಂಚಿಗೆ ಬಂದು ಕೂತಿತ್ತು. ‘ಬೆಲೆ ಎಷ್ಟಾಗಬಹುದು ಸರ್?’ ಕೇಳಿದೆ. ‘ಚೆನ್ನಾಗಿದ್ದರೆ ಒಂದು ಸಾವಿರ ಬರ್ತಿತ್ತೇನೋ. ಇದನ್ನ ಯಾರೋ ಪುಣ್ಯಾತ್ಮರು ತಿಕ್ಕಿಬಿಟ್ಟಿದ್ದಾರಲ್ಲ. ನಾನೂರು ಬಂದರೆ ಹೆಚ್ಚು.’ ಆ ಪುಣ್ಯಾತ್ಮ ಎದುರಿಗೇ ನಿಂತಿದ್ದ! ತಾಮ್ರದ ಮೇಲೆ ಶತಮಾನಗಳಲ್ಲಿ ಕೂತ ಕಪ್ಪು-ಕಂದು ಪದರವೇ ಅದರ ರಕ್ಷಣೆ, ಅದೇ ಅದರ ಚೆಲುವು. ಹುಣಸೆಹಣ್ಣು, ನಿಂಬೆಹಣ್ಣು, ಪೀತಾಂಬರಿ ಯಾವುದೂ ಮುಟ್ಟಬಾರದು ಎಂಬುದು ನಾನು ಕಲಿತ ಮೊದಲ ಪಾಠ.

ಲೆಕ್ಕ ಹಾಕಿ ನೋಡಿ

‘ಚಿನ್ನ, ಷೇರು, ಕ್ರಿಪ್ಟೊ ಆಯ್ತು, ಈಗ ನಾಣ್ಯದಲ್ಲಿ ಹೂಡಿಕೆ ಮಾಡಿ’ ಎನ್ನುವವರೂ ಇದ್ದಾರೆ. ಅವರಿಗೆ ಒಂದು ಸಣ್ಣ ಲೆಕ್ಕ. ಉದಾಹರಣೆಗೆ ನೀವು ಹತ್ತು ಸಾವಿರಕ್ಕೆ ಕೂಗಿ ಗೆದ್ದಿರಿ ಎನ್ನಿ. ಅದರ ಮೇಲೆ ಕೊಳ್ಳುವವರು ಕೊಡಬೇಕಾದ ಕಮಿಷನ್ ಶೇ 15 ಎಂದರೆ 1,500. ತೆರಿಗೆ, ಅಂಚೆ ಖರ್ಚು ಬೇರೆ. ಅವನ್ನು ಬಿಟ್ಟರೂ ನಿಮ್ಮ ಖರ್ಚು 11,500. ನಾಳೆ ನೀವು ಅದೇ ನಾಣ್ಯ ಮಾರಲು ಕೊಟ್ಟರೆ ಮಾರುವವರಿಂದಲೂ ಶೇ 10 ಕಮಿಷನ್ ಹಿಡಿಯುತ್ತಾರೆ ಎಂದುಕೊಳ್ಳಿ. ಆಗ ನಿಮ್ಮ 11,500 ನಿಮಗೆ ವಾಪಸ್ ಬರಬೇಕಾದರೆ ನಾಣ್ಯ 12,700 ರೂಪಾಯಿ ದಾಟಿ ಹೋಗಬೇಕು. ಅಂದರೆ ಬೆಲೆ ಶೇ 27ರಷ್ಟು ಏರಿದರೂ ನಿಮಗೆ ಒಂದು ರೂಪಾಯಿ ಲಾಭ ಇಲ್ಲ.

ಇನ್ನೊಂದು ಸಂಗತಿ. ಹರಾಜಿನಲ್ಲಿ ಗೆಲ್ಲುವವರು ಯಾರು? ಆ ಕೋಣೆಯಲ್ಲಿ ಆ ನಾಣ್ಯಕ್ಕೆ ಎಲ್ಲರಿಗಿಂತ ಹೆಚ್ಚು ಬೆಲೆ ಕಟ್ಟಿದವರು. ಅಂದರೆ ಬೆಲೆ ಕಟ್ಟುವುದರಲ್ಲಿ ತಪ್ಪಿದವರೇ ಗೆಲ್ಲುವ ಸಾಧ್ಯತೆ ಜಾಸ್ತಿ. ನಾನು ಕೂತಿದ್ದಾಗ ಇಬ್ಬರು ಹಟಕ್ಕೆ ಬಿದ್ದು ಒಂದು ಸಾಮಾನ್ಯ ಬೆಳ್ಳಿ ನಾಣ್ಯವನ್ನು ಅಂದಾಜಿನ ಮೂರು ಪಟ್ಟಿಗೆ ಏರಿಸಿದರು. ಗೆದ್ದವರ ಮುಖದಲ್ಲಿ ಖುಷಿ ಒಂದು ನಿಮಿಷ ಇತ್ತು. ಹಿಂದಿನ ಕುರ್ಚಿಯವರೊಬ್ಬರು ‘ಹೊರಗಡೆ ಸ್ಟಾಲಿನಲ್ಲಿ ಇದರ ಅರ್ಧಕ್ಕೆ ಸಿಗ್ತದೆ’ ಅಂದದ್ದು ಅವರಿಗೂ ಕೇಳಿಸಿರಬೇಕು. ಕೊಳ್ಳಲೇಬೇಕಿದ್ದರೆ ಮನೆಯಲ್ಲೇ, ಕಮಿಷನ್ ಸೇರಿಸಿ, ನಿಮ್ಮ ಗರಿಷ್ಠ ಬೆಲೆ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅದು ದಾಟಿದರೆ ಕೈ ಕೆಳಗಿರಲಿ.

ಕಾಗದ ಇಲ್ಲದ ಚಿನ್ನ

ಹರಾಜಿನಲ್ಲಿ ಬೆಲೆಯಷ್ಟೇ ಮುಖ್ಯವಾದದ್ದು, ಹೊಸಬರು ಕೇಳದೇ ಬಿಡುವ ಪ್ರಶ್ನೆ: ‘ಇದು ಎಲ್ಲಿಂದ ಬಂತು?’

ಇದು ಎಷ್ಟು ದೊಡ್ಡ ಪ್ರಶ್ನೆ ಎಂಬುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. ಜೂಲಿಯಸ್ ಸೀಸರನನ್ನು ಕೊಂದ ಬ್ರೂಟಸ್ ಆ ಕೊಲೆಯನ್ನೇ ಕೊಂಡಾಡಿ ಒಂದು ನಾಣ್ಯ ಹೊಡೆಸಿದ್ದ. ಒಂದು ಬದಿಗೆ ಅವನ ಮುಖ, ಇನ್ನೊಂದು ಬದಿಗೆ ಎರಡು ಕಠಾರಿ, ನಡುವೆ ಬಿಡುಗಡೆಯ ಗುರುತಿನ ಟೊಪ್ಪಿ. ಚಿನ್ನದಲ್ಲಿ ಅದರ ಬೆರಳೆಣಿಕೆಯ ಪ್ರತಿಗಳಷ್ಟೇ ಉಳಿದಿವೆ. 2020ರಲ್ಲಿ ಲಂಡನ್ನಿನ ಹರಾಜಿನಲ್ಲಿ ಒಂದು ಪ್ರತಿ 32 ಲಕ್ಷ ಪೌಂಡ್ ದಾಟಿ ಮಾರಾಟವಾಯಿತು. ಎಲ್ಲರೂ ದಾಖಲೆ ಬೆಲೆ ಎಂದು ಬರೆದರು. ಆದರೆ ನಾಣ್ಯ ಹಿಂದೆ ಯಾರ ಬಳಿ ಇತ್ತು ಎಂದು ಹೇಳಿದ ಕಥೆಯೇ ಸುಳ್ಳು ಎಂಬ ಆರೋಪದಲ್ಲಿ ಹರಾಜು ಸಂಸ್ಥೆಯ ಮುಖ್ಯಸ್ಥರ ಬಂಧನವಾಯಿತು. 2023ರಲ್ಲಿ ನಾಣ್ಯ ಗ್ರೀಸ್ ದೇಶಕ್ಕೆ ವಾಪಸ್ ಹೋಯಿತು.

ಎರಡನೆಯದು ಅಮೆರಿಕದ 1933ರ ಇಪ್ಪತ್ತು ಡಾಲರ್ ಚಿನ್ನದ ನಾಣ್ಯ. ಅಚ್ಚಾದರೂ ಅದು ಚಲಾವಣೆಗೆ ಬರಲಿಲ್ಲ, ಸರ್ಕಾರ ಕರಗಿಸಲು ಹೇಳಿತು. ಕೆಲವು ಹೊರಗೆ ಜಾರಿದವು. ಅವುಗಳಲ್ಲಿ ಕಾನೂನುಬದ್ಧ ಕಾಗದ ಇರುವ ಒಂದೇ ಒಂದು ನಾಣ್ಯ 2021ರಲ್ಲಿ ಸುಮಾರು 1.89 ಕೋಟಿ ಡಾಲರಿಗೆ ಹರಾಜಾಯಿತು. ಅದೇ ಅಚ್ಚಿನ ಹತ್ತು ನಾಣ್ಯ ಒಂದು ಕುಟುಂಬದ ಲಾಕರಿನಲ್ಲಿ ಸಿಕ್ಕಿದ್ದವು. ಅಸಲಿಯೋ ನಕಲಿಯೋ ಪರೀಕ್ಷಿಸಲು ಸರ್ಕಾರಕ್ಕೆ ಕೊಟ್ಟರೆ, ಸರ್ಕಾರ ‘ಇವು ನಮ್ಮವು’ ಎಂದು ಇಟ್ಟುಕೊಂಡಿತು. ವರ್ಷಗಟ್ಟಲೆ ಕೇಸು ನಡೆದು ಸರ್ಕಾರವೇ ಗೆದ್ದಿತು. ಒಂದೇ ಚಿನ್ನ, ಒಂದೇ ಅಚ್ಚು. ಕಾಗದ ಇದ್ದದ್ದಕ್ಕೆ ಕೋಟಿ, ಇಲ್ಲದ್ದಕ್ಕೆ ಸೊನ್ನೆ.

ನಮ್ಮಲ್ಲಿ ಕಾನೂನು ಏನು ಹೇಳುತ್ತದೆ? 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು. ಅಜ್ಜಿಯಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು, ದೇಶದೊಳಗೆ ಕೊಳ್ಳಬಹುದು. ವ್ಯಾಪಾರಕ್ಕೆ ಪರವಾನಗಿ ಬೇಕು. ವಿದೇಶಕ್ಕೆ ಕಳಿಸುವಂತಿಲ್ಲ. ಇನ್ನು ತೋಟ ಅಗೆಯುವಾಗ, ಪಾಯ ತೋಡುವಾಗ ಸಿಕ್ಕ ನಾಣ್ಯದ ಗಡಿಗೆ ಸಿಕ್ಕವರ ಸೊತ್ತಲ್ಲ, ಅದನ್ನು ಸರ್ಕಾರಕ್ಕೆ ತಿಳಿಸಲೇಬೇಕು. 1878ರ ನಿಧಿ ಕಾಯ್ದೆಯ ಕಾಲದಿಂದಲೂ ಇದೇ ನಿಯಮ.

ಇದು ಬರೀ ಕಾನೂನಿನ ಮಾತಲ್ಲ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕೆ ನೆಲ ಅಗೆಯುವಾಗ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ನಾಣ್ಯ ಸಿಕ್ಕಿತು. ಸಿಕ್ಕ ಜಾಗ ದಾಖಲಾದದ್ದರಿಂದಲೇ ಎರಡು ಸಾವಿರ ವರ್ಷದ ಹಿಂದೆ ನಮ್ಮ ನೆಲಕ್ಕೂ ರೋಮಿಗೂ ವ್ಯಾಪಾರದ ನಂಟಿತ್ತು ಎಂದು ನಾವು ಓದುತ್ತಿದ್ದೇವೆ. ಅದೇ ನಾಣ್ಯಗಳು ಗುಟ್ಟಾಗಿ ಒಂದೊಂದಾಗಿ ಮಾರಾಟವಾಗಿದ್ದರೆ? ಯಾರದೋ ಷೋಕೇಸಿನಲ್ಲಿ ಒಂದು ಬೆಳ್ಳಿ ಬಿಲ್ಲೆ ಇರುತ್ತಿತ್ತು, ಅಷ್ಟೇ. ಪುಸ್ತಕದ ಒಂದು ಪುಟ ಕಡಿಮೆಯಾಗಿರುತ್ತಿತ್ತು.

ಹಾಗಾದರೆ ಹರಾಜೇ ಬೇಡವೆ?

ಕೆಲವರು ಹೇಳುತ್ತಾರೆ: ‘ನಾಣ್ಯಗಳೆಲ್ಲ ಮ್ಯೂಸಿಯಂನಲ್ಲಿರಲಿ. ದುಡ್ಡಿದ್ದವರ ಮನೆಗೆ ಯಾಕೆ ಹೋಗಬೇಕು?’ ಈ ಮಾತಿನಲ್ಲಿ ನ್ಯಾಯ ಇದೆ. ಆದರೆ ನಾನು ಪೂರ್ತಿ ಒಪ್ಪುವುದಿಲ್ಲ. ನಮ್ಮ ಪಕ್ಕದೂರಿನ ಮನೆಯೊಂದರಲ್ಲಿ ಹಿರಿಯರ ಕಾಲದ ಸಣ್ಣ ಚಿನ್ನದ ಹಣಗಳಿದ್ದವಂತೆ. ಮಗಳ ಮದುವೆಗೆ ಬಳೆ ಮಾಡಿಸುವಾಗ ಅವೂ ಮೂಸೆಗೆ ಹೋದವು. ಚಿನ್ನದ ತೂಕದ ಬೆಲೆ ಬಿಟ್ಟು ಬೇರೆ ಬೆಲೆ ಅವಕ್ಕಿದೆ ಎಂದು ಹೇಳುವವರು ಯಾರೂ ಇರಲಿಲ್ಲ. ಕೊಳ್ಳುವ ಸಂಗ್ರಹಕಾರರು, ಬೆಲೆ ಗೊತ್ತಿರುವ ಮಾರುಕಟ್ಟೆ ಇದ್ದರೆ ಮೂಸೆಗೆ ಹೋಗುವುದು ಉಳಿಯುತ್ತದೆ. ನಾಣ್ಯಶಾಸ್ತ್ರದ ಎಷ್ಟೋ ಕೆಲಸ ಆಗಿರುವುದೂ ಖಾಸಗಿ ಆಸಕ್ತಿಯಿಂದಲೇ, ಖಾಸಗಿ ಸಂಗ್ರಹಗಳ ನೆರವಿನಿಂದಲೇ.

ಆದ್ದರಿಂದ ಹರಾಜು ಇರಲಿ, ಆದರೆ ಮೂರು ಬದಲಾವಣೆ ಆಗಲಿ ಎಂಬುದು ನನ್ನ ಅಭಿಪ್ರಾಯ. ಒಂದು, ಕ್ಯಾಟಲಾಗ್‌ನಲ್ಲಿ ತೂಕ, ಸ್ಥಿತಿ ಬರೆದಂತೆ ನಾಣ್ಯ ಹಿಂದೆ ಯಾರ ಸಂಗ್ರಹದಲ್ಲಿತ್ತು, ಯಾವ ಹರಾಜಿನಿಂದ ಬಂತು ಎಂಬುದನ್ನೂ ಬರೆಯಲಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಲಿ. ನಾವು ಕೊಳ್ಳುವವರು ಕೇಳಲು ಶುರು ಮಾಡಿದರೆ ಅವರು ಬರೆಯಲೇಬೇಕಾಗುತ್ತದೆ. ಎರಡು, ನಿಧಿ ಸಿಕ್ಕಿದೆ ಎಂದು ಪ್ರಾಮಾಣಿಕವಾಗಿ ತಿಳಿಸುವ ಕೂಲಿಯವರಿಗೆ, ರೈತರಿಗೆ ಬಹುಮಾನ ಬೇಗ ಸಿಗಲಿ, ಗೌರವವೂ ಸಿಗಲಿ. ಕಚೇರಿ ಅಲೆಸಿದರೆ ಮುಂದಿನವರು ನೇರ ಅಕ್ಕಸಾಲಿಗರ ಅಂಗಡಿಗೇ ಹೋಗುತ್ತಾರೆ. ಇಂಗ್ಲೆಂಡಿನಲ್ಲಿ 1997ರಿಂದ ಜನರು ತಮಗೆ ಸಿಕ್ಕ ಹಳೇ ವಸ್ತುಗಳನ್ನು ತಾವೇ ತಂದು ದಾಖಲಿಸುವ ಯೋಜನೆ ಇದೆ. ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳು ಅಲ್ಲಿ ದಾಖಲಾಗಿವೆ. ಹೆದರಿಕೆ ಇಲ್ಲದಿದ್ದರೆ ಜನ ತಾವಾಗಿ ಬರುತ್ತಾರೆ. ಮೂರು, ಪ್ರತಿ ಕಾಲೇಜಿನ ಇತಿಹಾಸ ವಿಭಾಗ ವರ್ಷಕ್ಕೆ ಒಂದು ದಿನ ‘ನಿಮ್ಮ ಮನೆಯ ಹಳೇ ನಾಣ್ಯ ತನ್ನಿ, ಓದಿ ಹೇಳುತ್ತೇವೆ’ ಅಂತ ಕರೆಯಲಿ. ಇದಕ್ಕೆ ಖರ್ಚೇನೂ ಇಲ್ಲ. ನನ್ನಂಥವರ 1,850 ರೂಪಾಯಿ ಉಳಿಯುತ್ತದೆ.

ನಾವು ಏನು ಮಾಡಬಹುದು?

ಕೆಲಸ ಇಲ್ಲದವರಿಗೆ ಇದೆಲ್ಲ ಯಾಕೆ ಎಂದು ಕೇಳಬಹುದು. ನನ್ನ ಉತ್ತರ: ಕಲಿಯಲು ದುಡ್ಡು ಬೇಕಿಲ್ಲ. ಬೆಂಗಳೂರಿನ ಕಸ್ತೂರ್‌ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ, ಮುಂಬಯಿಯಲ್ಲಿ ರಿಸರ್ವ್ ಬ್ಯಾಂಕಿನದೇ ಹಣದ ವಸ್ತುಸಂಗ್ರಹಾಲಯ ಇವೆ. ಹರಾಜು ಸಂಸ್ಥೆಗಳು ತಮ್ಮ ಕ್ಯಾಟಲಾಗನ್ನು ಆನ್‌ಲೈನಿನಲ್ಲಿ ಬಿಟ್ಟಿಯಾಗಿಯೇ ಹಾಕುತ್ತವೆ. ಹಿಂದಿನ ಹರಾಜಿನಲ್ಲಿ ಯಾವುದು ಎಷ್ಟಕ್ಕೆ ಹೋಯಿತು ಎಂಬ ಪಟ್ಟಿಯೂ ಸಿಗುತ್ತದೆ. ಟಿಪ್ಪು, ಹೈದರರ ನಾಣ್ಯಗಳ ಬಗ್ಗೆ ಹೆಂಡರ್ಸನ್ 1921ರಲ್ಲೇ ಪುಸ್ತಕ ಬರೆದಿದ್ದಾರೆ. ಕರ್ನಾಟಕದ ನಾಣ್ಯಗಳ ಬಗ್ಗೆ ಡಾ. ಎ.ವಿ. ನರಸಿಂಹಮೂರ್ತಿ ಅವರ ಕೆಲಸ ಇದೆ. ಲೈಬ್ರರಿಯಲ್ಲಿ ಕೇಳಿ ನೋಡಿ.

ಸ್ವಲ್ಪ ಓದಿದರೆ ಕಣ್ಣು ಹೇಗೆ ತೆರೆಯುತ್ತದೆ ಎಂಬುದಕ್ಕೆ ಒಂದೇ ಉದಾಹರಣೆ. ಟಿಪ್ಪು 1787ರ ಹೊತ್ತಿಗೆ ಮೌಲೂದಿ ಎಂಬ ಹೊಸ ಶಕೆ ತಂದ. ಆ ಮೇಲಿನ ನಾಣ್ಯಗಳಲ್ಲಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. 1215 ಎಂಬುದು ನಮ್ಮ ಕಣ್ಣಿಗೆ 5121ರಂತೆ ಕಾಣುತ್ತದೆ. ಇದು ಗೊತ್ತಿಲ್ಲದೆ ಎಡದಿಂದ ಬಲಕ್ಕೆ 1215 ಎಂದು ಹಾಕಿದ್ದ ಒಂದು ಹೊಳೆಯುವ ‘ಟಿಪ್ಪು ರೂಪಾಯಿ’ಯನ್ನು ಜಾತ್ರೆಯಲ್ಲಿ ನನಗೆ ಎರಡು ಸಾವಿರಕ್ಕೆ ಕೊಡಲು ಬಂದರು. ನಕ್ಕು ಮುಂದೆ ಹೋದೆ. ಆ ಎರಡು ಸಾವಿರ ನಾನು ಓದಿನಿಂದ ದುಡಿದ ಮೊದಲ ಸಂಬಳ ಎಂದುಕೊಂಡಿದ್ದೇನೆ.

ಆವತ್ತು ಹರಾಜಿನಿಂದ ಬರುವಾಗ ಹೊರಗಿನ ಸ್ಟಾಲಿನಲ್ಲಿ ನಾನೂ ಒಂದು ಕೊಂಡೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸು, 350 ರೂಪಾಯಿ. ಬಿಲ್ ಕೇಳಿ ಬರೆಸಿಕೊಂಡೆ. ಮನೆಗೆ ಬಂದು ಎರಡೂ ಕಾಸನ್ನು ಅಜ್ಜಿಯ ಕೈಯಲ್ಲಿಟ್ಟು, ನಗರದ ಟಂಕಸಾಲೆಯ ಕಥೆ ಹೇಳಿದೆ. ಅಜ್ಜಿ ಎಲ್ಲ ಕೇಳಿ, ‘ಕಡೆಗೆ ನನ್ನ ಕಾಸು ಎಷ್ಟಕ್ಕೆ ಹೋಗ್ತದಂತೋ?’ ಅಂದರು.

‘ನಾನೂರು ರೂಪಾಯಿಗೆ ಅಜ್ಜಿ.’

‘ಅಷ್ಟಕ್ಕೆ ಕೊಡೂದು ಎಂತಕ್ಕೆ? ಇಲ್ಲೇ ಇರ್ಲಿ ಬಿಡು’ ಎಂದು ಅದನ್ನು ಸಂಚಿಗೆ ಹಾಕಿಕೊಂಡರು. ನಾನು ಒಂದು ಚೀಟಿಯಲ್ಲಿ ‘ಟಿಪ್ಪು ಸುಲ್ತಾನ್, ನಗರ ಟಂಕಸಾಲೆ, ಅಜ್ಜಿಗೆ ಅವರ ಅತ್ತೆಯಿಂದ ಬಂದದ್ದು’ ಎಂದು ಬರೆದು ಅದರ ಜತೆಗಿಟ್ಟಿದ್ದೇನೆ. ಮುಂದೆ ಯಾರಾದರೂ ‘ಇದು ಎಲ್ಲಿಂದ ಬಂತು’ ಎಂದು ಕೇಳಿದರೆ ಅದಕ್ಕೊಂದು ಉತ್ತರ ಇರಲಿ. ನಿಮ್ಮ ಮನೆಯಲ್ಲೂ ಒಂದು ಕಾಸು ಇದ್ದೀತು. ಮಾರುವ ಮಾತು ಆಮೇಲೆ. ಇವತ್ತು ಅಜ್ಜಿಯನ್ನು ಕೇಳಿ, ಒಂದು ಚೀಟಿ ಬರೆದಿಡಿ.